ಮಗಳಿಗೊಂದು ಪತ್ರ: ಜೂನ್ 8 ಅಲ್ಲ, 20 ದಿನ

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ ಯುರೋಪ್ ಪ್ರವಾಸದ ವೀಸಾ ಸ್ಟಿಕ್ಕರಿನ ಫೋಟೊ, ಬದಲಾಯಿಸಿದ ಟಿಕೆಟ್ ಎರಡನ್ನೂ ನೋಡಿದೆ. ಸ್ಟಿಕ್ಕರಿನಲ್ಲಿ ಮೇ 5ರಿಂದ ಜೂನ್ 8ರವರೆಗೆ ಎಂದಿದೆ. ವಾಪಸ್ ಟಿಕೆಟ್ ಮೇ 25ಕ್ಕೆ. 'ಇನ್ನೂ ಎರಡು ವಾರ ಕೈಯಲ್ಲಿದೆ ಅಪ್ಪ' ಅಂದೆಯಲ್ಲ, ಇಲ್ಲ ಮಗಳೇ. ಒಂದು ದಿನ ಹೆಚ್ಚೇ ಆಗಿದೆ. ಯಾಕೆ ಅಂತ ಬರೆಯುತ್ತೇನೆ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ.

ಅದೇ ಸ್ಟಿಕ್ಕರಿನಲ್ಲಿ ತಾರೀಖುಗಳ ಹತ್ತಿರವೇ 'ಡ್ಯುರೇಷನ್ ಆಫ್ ಸ್ಟೇ' ಅಂತ ಇದೆ, ಅಲ್ಲಿ 20 ಎಂದು ಬರೆದಿದೆ. ನಿನಗೆ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಲ್ಲಿ, ಇರಲು ಸಿಕ್ಕಿರುವುದು ಆ 20 ದಿನ ಮಾತ್ರ. ಮೇ 5, ಜೂನ್ 8 ಎಂಬುದು ಆ 20 ದಿನವನ್ನು ಎಲ್ಲಿಂದ ಎಲ್ಲಿಯವರೆಗೆ ಬಳಸಬಹುದು ಎನ್ನುವ ಬೇಲಿ. ಪ್ರಯಾಣ ಒಂದಷ್ಟು ದಿನ ಹಿಂದೆಮುಂದೆ ಆದರೆ ಇರಲಿ ಎಂದು 15 ದಿನ ಹೆಚ್ಚಿಗೆ ಸೇರಿಸಿ ಬೇಲಿ ಹಾಕುತ್ತಾರೆ. ಎಣಿಸಿ ನೋಡು, ಮೇ 5ರಿಂದ ಜೂನ್ 8ಕ್ಕೆ 35 ದಿನ, ಅಂದರೆ 20 ಮತ್ತು 15. ಮೇ 5ಕ್ಕೆ ಇಳಿದರೆ ನಿನ್ನ ಕೊನೆಯ ದಿನ ಮೇ 24. ಹೊರಡುವುದು ತಡವಾಗಿ ಮೇ 25ಕ್ಕೆ ಇಳಿದೆ ಅಂದುಕೋ, ಆಗ 20 ದಿನ ಪೂರ್ತಿ ಸಿಗುವುದಿಲ್ಲ. ಜೂನ್ 8ಕ್ಕೆ ಬೇಲಿ ಮುಗಿಯುವುದರಿಂದ 15 ದಿನವಷ್ಟೇ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ.

ಇಳಿದ ದಿನವೂ ಒಂದು ದಿನ, ಹೊರಟ ದಿನವೂ ಒಂದು ದಿನ. ಮನೆಯಲ್ಲಿ ಗಣಪತಿ ಕೂರಿಸಿದ ದಿನವನ್ನೂ ಬಿಡುವ ದಿನವನ್ನೂ ಸೇರಿಸಿ ಐದು ದಿನದ ಗಣಪ ಅಂತೀವಲ್ಲ, ಹಾಗೆ. ನೀನು ತಪ್ಪಿದ್ದು ಹೋಟೆಲ್ ಬುಕಿಂಗ್ ನೋಡಿ ಎಣಿಸಿದ್ದರಿಂದ ಅನಿಸುತ್ತದೆ. ಹೋಟೆಲಿನವರು ರಾತ್ರಿ ಎಣಿಸುತ್ತಾರೆ. 20 ರಾತ್ರಿ ಅಂದರೆ ವೀಸಾ ಲೆಕ್ಕದಲ್ಲಿ 21 ದಿನ. ರಾತ್ರಿ ಹನ್ನೊಂದೂವರೆಗೆ ಇಳಿದರೂ ಅದು ಇಡೀ ದಿನವೇ.

ಇನ್ನು, ಯಾವ ಊರಿನಿಂದ ಹೊರಟೆ ಅನ್ನುವುದಲ್ಲ, ಯಾವ ಊರಿನಲ್ಲಿ ಗಡಿ ದಾಟಿದೆ ಅನ್ನುವುದು ಮುಖ್ಯ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ರೋಮ್‌ಗೆ ಹೋಗುತ್ತೀಯ, ಇಮಿಗ್ರೇಷನ್ ಫ್ರಾಂಕ್‌ಫರ್ಟಿನಲ್ಲೇ ಮುಗಿಯುತ್ತದೆ. ರೋಮ್‌ನಲ್ಲಿ ಇಳಿದಾಗ ಒಳಗಿನ ವಿಮಾನದವರಂತೆ ಸುಮ್ಮನೆ ನಡೆದು ಬರುತ್ತೀಯ. ವಾಪಸ್ ಬರುವಾಗಲೂ ವಿಯೆನ್ನಾದಿಂದ ಹೊರಟರೂ ನೀನು ಷೆಂಗೆನ್ ಬಿಟ್ಟಂತೆ ಆಗುವುದು ಫ್ರಾಂಕ್‌ಫರ್ಟಿನ ಪಾಸ್‌ಪೋರ್ಟ್ ಕೌಂಟರ್ ದಾಟಿದ ಮೇಲೆ. ವಿಯೆನ್ನಾ ವಿಮಾನ ತಡವಾಗಿ, ಬೆಂಗಳೂರಿನ ವಿಮಾನ ತಪ್ಪಿ, ಆ ರಾತ್ರಿ ಫ್ರಾಂಕ್‌ಫರ್ಟಿನ ಹೋಟೆಲಿನಲ್ಲಿ ಉಳಿದರೆ ಇನ್ನೊಂದು ದಿನ ಲೆಕ್ಕಕ್ಕೆ ಬಂತು. ಹಾಗಾಗಿ ಮೇ 24ಕ್ಕೂ ಟಿಕೆಟ್ ಬೇಡ. 22ಕ್ಕೆ ಮಾಡಿಸು. ಆ ಎರಡು ದಿನ ದಂಡವಲ್ಲ, ಕೈಕಾಲು ಆಡಿಸಲು ಇರುವ ಜಾಗ.

ಸ್ಟಿಕ್ಕರಿನಲ್ಲಿ ಇನ್ನೊಂದು ಅಂಕಿ ಇದೆ, ಎಂಟ್ರಿ 01. ಒಮ್ಮೆ ಒಳಗೆ ಹೋಗಿ ಹೊರಗೆ ಬಂದರೆ ದಿನ ಉಳಿದಿದ್ದರೂ ವೀಸಾ ಮುಗಿಯಿತು. ಷೆಂಗೆನ್‌ನಲ್ಲಿ 29 ದೇಶಗಳಿವೆ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿ ಇಲ್ಲ. ಕ್ರೊಯೇಷಿಯಾ 2023ರಲ್ಲಿ ಸೇರಿತು, ರೊಮೇನಿಯಾ, ಬಲ್ಗೇರಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಸೇರಿದವು. ವಿಯೆನ್ನಾದಿಂದ ಬುಡಾಪೆಸ್ಟಿಗೆ ರೈಲು ಹತ್ತು, ಅದೂ ಷೆಂಗೆನ್, ತೊಂದರೆಯಿಲ್ಲ. ಅಲ್ಲಿಂದ ಗೆಳತಿಯರ ಜೊತೆ ಸೆರ್ಬಿಯಾದ ಬೆಲ್‌ಗ್ರೇಡಿಗೆ ಅಂತ ಬಸ್ ಹತ್ತಿದರೆ ಷೆಂಗೆನ್ ಬಿಟ್ಟಂತೆ, ತಿರುಗಿ ಒಳಗೆ ಬರಲು ಬಿಡುವುದಿಲ್ಲ. ಲಂಡನ್ನಿನದೂ ಅದೇ ಕಥೆ, ಅದಕ್ಕೆ ವೀಸಾನೇ ಬೇರೆ.

ಮುಂದೆ ಎಂದಾದರೂ ಮಲ್ಟಿಪಲ್ ಎಂಟ್ರಿ ವೀಸಾ ಸಿಕ್ಕಾಗ 90/180 ನಿಯಮ ಬರುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಆರು ತಿಂಗಳಿಗೆ 90 ದಿನ, ಒಮ್ಮೆ ಹೊರಗೆ ಹೋಗಿ ಬಂದರೆ ಮತ್ತೆ ಒಂದರಿಂದ ಲೆಕ್ಕ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಲ್ಲಿರುವ ಪ್ರತಿ ದಿನವೂ ಆ ದಿನವನ್ನು ಸೇರಿಸಿ ಹಿಂದಕ್ಕೆ 180 ದಿನ ತಿರುಗಿ ನೋಡಬೇಕು, ಅಷ್ಟರೊಳಗೆ ನೀನು ಇದ್ದದ್ದು 90 ದಾಟಿರಬಾರದು. ಮಾರ್ಚ್ 1ರಿಂದ ಏಪ್ರಿಲ್ 29ರವರೆಗೆ ಇದ್ದರೆ 60 ದಿನ ಖರ್ಚು. ಜುಲೈ 10ಕ್ಕೆ ಮತ್ತೆ ಹೋದರೆ ಉಳಿದಿರುವುದು 30, ಆಗಸ್ಟ್ 8ರೊಳಗೆ ಹೊರಗೆ ಬರಬೇಕು. ಮಾರ್ಚಿನ ಹಳೆಯ ದಿನಗಳು ಲೆಕ್ಕದಿಂದ ದಿನಕ್ಕೊಂದರಂತೆ ಉದುರಲು ಶುರುವಾಗುವುದು ಆಗಸ್ಟ್ 28ರಿಂದ. ಅಲ್ಲಿಯವರೆಗೆ ವೀಸಾ ಐದು ವರ್ಷದ್ದಾದರೂ ಬಾಗಿಲು ಮುಚ್ಚಿದಂತೆಯೇ. ಐರೋಪ್ಯ ಕಮಿಷನ್ನಿನ ವೆಬ್‌ಸೈಟಿನಲ್ಲಿ ಇದಕ್ಕೇ ಒಂದು ಕ್ಯಾಲ್ಕುಲೇಟರ್ ಇದೆ, ಅದರಲ್ಲಿ ತಾರೀಖು ಹಾಕಿ ನೋಡಿಕೊಂಡೇ ಟಿಕೆಟ್ ಮಾಡಿಸು.

ಒಂದು ದಿನ ಹೆಚ್ಚಾದರೆ ಯಾರು ನೋಡುತ್ತಾರೆ ಅನ್ನುವವರು ಸಿಗುತ್ತಾರೆ. ಮೊದಲು ಅಧಿಕಾರಿ ಪುಟ ತಿರುವಿ ಸೀಲು ಹುಡುಕಿ ಬೆರಳು ಮಡಚಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಇಇಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ತಂದಿದ್ದಾರೆ, ಒಳಗೆ ಬಂದದ್ದು, ಹೊರಗೆ ಹೋದದ್ದು ಅದರಲ್ಲೇ ದಾಖಲಾಗುತ್ತದೆ. ದಿನವನ್ನು ಅದೇ ಎಣಿಸುತ್ತದೆ. ವೀಸಾ ಅರ್ಜಿ ಹಾಕುವಾಗ ನೀನು ಕೊಟ್ಟ ಹತ್ತು ಬೆರಳಿನ ಗುರುತು ಅವರ ಬಳಿ ಇದೆ, ಗಡಿಯಲ್ಲಿ ಮುಖದ ಫೋಟೊ ತೆಗೆಯುತ್ತಾರೆ. ಪಾಸ್‌ಪೋರ್ಟ್ ಹೊಸದು ಮಾಡಿಸಿದರೂ ಬೆರಳು ಹಳೆಯದೇ ತಾನೆ. ಹೊರಗೆ ಹೋದ ದಾಖಲೆ ಇಲ್ಲದವರ ಮಾಹಿತಿಯನ್ನು ಐದು ವರ್ಷ ಇಟ್ಟುಕೊಳ್ಳುತ್ತಾರೆ. ಆದರೂ ಬೋರ್ಡಿಂಗ್ ಪಾಸ್, ರೈಲಿನ ಟಿಕೆಟ್ ಎಸೆಯಬೇಡ. ದಾಖಲೆಯಲ್ಲಿ ಎಡವಟ್ಟಾದರೆ ನೀನು ಸಮಯಕ್ಕೆ ಸರಿಯಾಗಿ ಹೊರಟಿದ್ದೆ ಎಂದು ತೋರಿಸಲು ಇರುವ ಸಾಕ್ಷಿ ಅವೇ.

ದಂಡ ಒಂದೊಂದು ದೇಶದಲ್ಲಿ ಒಂದೊಂದು ತರಹ. ಸ್ಪೇನ್ ಕಾನೂನಿನಲ್ಲಿ ಇಂಥ ತಪ್ಪಿಗೆ 501 ಯೂರೋದಿಂದ 10,000 ಯೂರೋವರೆಗೆ ಹಾಕಬಹುದು. ಹಣ ಹೋದರೆ ಹೋಗಲಿ, ನನಗೆ ಚಿಂತೆ ಪ್ರವೇಶ ನಿಷೇಧದ್ದು. ಸಾಮಾನ್ಯವಾಗಿ ಅದು ಐದು ವರ್ಷದವರೆಗೂ ಇರಬಹುದು. ಒಂದು ದೇಶ ಹಾಕಿದ್ದು ಎಲ್ಲ 29 ದೇಶಗಳಿಗೂ ಕಾಣುತ್ತದೆ. 2024ರ ಏಪ್ರಿಲ್‌ನಿಂದ ಭಾರತದವರಿಗೆ ಒಂದು ಅನುಕೂಲ ಮಾಡಿದ್ದಾರೆ. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ತೆಗೆದುಕೊಂಡು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ವೀಸಾ, ಆಮೇಲೆ ಐದು ವರ್ಷದ್ದು ಸಿಗಬಹುದು. ನಿನ್ನದು ಇದು ಮೊದಲನೆಯದು. ಇದರಲ್ಲೇ ಕಲೆ ಬೀಳುವುದು ಬೇಡ.

ಅಷ್ಟೆಲ್ಲಾ ಜಾಗ್ರತೆ ಮಾಡಿದರೂ ಕಾಲು ಮುರಿಯಬಹುದು, ಜ್ವರ ಬಂದು ಆಸ್ಪತ್ರೆ ಸೇರಬಹುದು, ಮುಷ್ಕರದಿಂದ ವಿಮಾನಗಳೇ ನಿಲ್ಲಬಹುದು. ಆಗ ವೀಸಾ ದಿನ ಮುಗಿಯುವ ಮೊದಲೇ, ನೀನಿರುವ ದೇಶದ ವಿದೇಶಿಯರ ಕಚೇರಿಗೆ ಹೋಗಬೇಕು. ಜರ್ಮನಿಯಲ್ಲಿ ಔಸ್‌ಲೆಂಡರ್‌ಬೆಹೋರ್ಡೆ, ಇಟಲಿಯಲ್ಲಿ ಕ್ವೆಸ್ತೂರಾ, ಫ್ರಾನ್ಸಿನಲ್ಲಿ ಪ್ರಿಫೆಕ್ಚರ್. ನಮ್ಮ ರಾಯಭಾರ ಕಚೇರಿ ವೀಸಾ ವಿಸ್ತರಿಸಲಾರದು, ಅದು ಅವರ ದೇಶದ ಕೆಲಸ. ಕೈಮೀರಿದ ಕಾರಣ ಅಥವಾ ಮಾನವೀಯ ಕಾರಣ ಇದ್ದರೆ ವಿಸ್ತರಣೆಗೆ ಶುಲ್ಕವಿಲ್ಲ, ಗಂಭೀರವಾದ ವೈಯಕ್ತಿಕ ಕಾರಣವಾದರೆ 30 ಯೂರೋ. 'ಊರು ಚೆನ್ನಾಗಿದೆ, ಇನ್ನೊಂದು ವಾರ' ಅಂದರೆ ಕೊಡುವುದಿಲ್ಲ. ಪ್ರಯಾಣ ಮಾಡಬಾರದು, ಇಂಥ ದಿನದವರೆಗೆ ಎಂದು ತಾರೀಖು ಸಮೇತ ವೈದ್ಯರ ಪತ್ರ, ಏರ್‌ಲೈನ್ ಕೊಟ್ಟ ರದ್ದತಿ ಪತ್ರ, ಹೊಸ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಇನ್ಶೂರೆನ್ಸ್ ಅನ್ನೂ ಅಷ್ಟು ದಿನಕ್ಕೆ ಮುಂದುವರಿಸಿರಬೇಕು, 30,000 ಯೂರೋಗಿಂತ ಕಡಿಮೆ ಇರಬಾರದು. ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಇಮೇಲ್ ಹಾಕು. ವೀಸಾ ಮುಗಿಯುವ ಮೊದಲೇ ಕೇಳಿದ್ದೆ ಎಂದು ತೋರಿಸಲು ಆ ಇಮೇಲಿನ ತಾರೀಖೇ ಆಧಾರ.

ಪಾಸ್‌ಪೋರ್ಟೇ ಕಳೆದುಹೋದರೆ ಮೊದಲು ಪೊಲೀಸ್ ದೂರಿನ ಪ್ರತಿ, ಆಮೇಲೆ ಭಾರತೀಯ ರಾಯಭಾರ ಕಚೇರಿ. ತುರ್ತಾಗಿ ಊರಿಗೆ ಬರಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಅದರಲ್ಲಿ ಭಾರತಕ್ಕೆ ವಾಪಸ್ ಬರಬಹುದು ಅಷ್ಟೇ. ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ, ವೀಸಾ ಪುಟದ ಜೆರಾಕ್ಸ್ ಬೇರೆ ಬ್ಯಾಗಿನಲ್ಲಿಡು.

ದಿನ ಮೀರಿಯೇ ಹೋಯಿತು ಅಂದುಕೋ. ಅಡಗಿ ಕೂರಬೇಡ, ಆ ದೇಶದ ಗಡಿಯಲ್ಲಿ ಕೇಳುವುದಿಲ್ಲವಂತೆ ಎಂಬ ಮಾತು ನಂಬಿ ಸುತ್ತಿಬಳಸಿ ಹೋಗಬೇಡ. ಸಿಕ್ಕ ಮೊದಲ ವಿಮಾನ ಹಿಡಿ. ಕೌಂಟರಿನಲ್ಲಿ ಕೇಳಿದರೆ ಆದದ್ದನ್ನು ಹೇಳಿ ಕಾಗದ ತೋರಿಸು. ವಿಚಾರಣೆಗೆ ಸಮಯ ಬೇಕು, ಹಾಗಾಗಿ ನಾಲ್ಕು ತಾಸು ಮೊದಲೇ ಏರ್‌ಪೋರ್ಟ್ ಸೇರು. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಕೇಳಿದರೆ ದುಭಾಷಿ ಬೇಕು ಅನ್ನು, ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಅವರು ಕೊಟ್ಟ ಆದೇಶದ ಪ್ರತಿ ಬಿಡದೆ ತಾ, ಮೇಲ್ಮನವಿಗೆ ಎಷ್ಟು ದಿನ ಅನ್ನುವುದು ಅದರಲ್ಲೇ ಇರುತ್ತದೆ. ಮುಂದೆ ಬೇರೆ ದೇಶದ ವೀಸಾ ಫಾರಂನಲ್ಲಿ ಈ ಪ್ರಶ್ನೆ ಬಂದಾಗ ಮುಚ್ಚಿಡಬೇಡ. ಓವರ್‌ಸ್ಟೇಗಿಂತ ಸುಳ್ಳು ದೊಡ್ಡ ತಪ್ಪಾಗಿಬಿಡುತ್ತದೆ.

ಈಗ ಮೊದಲು ಟಿಕೆಟ್ 22ಕ್ಕೆ ಬದಲಾಯಿಸು, ಆಮೇಲೆ ವಿಯೆನ್ನಾ ಹೋಟೆಲಿನ ಕೊನೆಯ ಮೂರು ರಾತ್ರಿ ಕ್ಯಾನ್ಸಲ್ ಮಾಡು. ಗಡಿಯಲ್ಲಿ ಬುಕಿಂಗ್ ಕೇಳಿದರೆ ಹೋಟೆಲ್, ಟಿಕೆಟ್ ಎರಡೂ ಒಂದಕ್ಕೊಂದು ತಾಳೆಯಾಗಬೇಕು. ಹೊಸ ಟಿಕೆಟಿನ ಪಿಡಿಎಫ್ ಬಂದ ತಕ್ಷಣ ನನಗೂ ಅಮ್ಮನಿಗೂ ಕಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ