‘ದಿ ಸ್ಕಾರ್ಲೆಟ್ ಲೆಟರ್’ ಓದುತ್ತಿರುವ ಮಗಳಿಗೆ

ಕೊಪ್ಪಳ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ‘ದಿ ಸ್ಕಾರ್ಲೆಟ್ ಲೆಟರ್’ ಹಿಡಿದವಳು ಪೀಠಿಕೆಯಲ್ಲೇ ಸೋತು ಕೂತಿದ್ದೀ ಅಂತ ನಿನ್ನವ್ವ ಹೇಳಿದಳು. ಆ ಪೀಠಿಕೆ ಕಾದಂಬರಿ ಬರೆದ ಹಾಥಾರ್ನ್ ಅಮೆರಿಕದ ಸೇಲಂ ಊರಿನ ಸುಂಕದ ಕಚೇರಿಯಲ್ಲಿ ಮಾಡಿದ ನೌಕರಿಯ ಮಾತು. ಅದನ್ನು ಕಡೆಗೆ ಓದು. ಸದ್ಯಕ್ಕೆ ಅದರಿಂದ ಒಂದೇ ಸಂಗತಿ ಎತ್ತಿಕೊ: ಗಂಡನಲ್ಲದವನಿಂದ ಕೂಸು ಹೆತ್ತದ್ದಕ್ಕೆ ಕಥಾನಾಯಕಿ ಹೆಸ್ಟರ್ ಶಿಕ್ಷೆಯಾಗಿ ಎದೆಯ ಮೇಲೆ ತೊಡಬೇಕಾದ ಕೆಂಪು ಬಟ್ಟೆಯ ‘ಎ’ ಅಕ್ಷರದ ಒಂದೊಂದು ಕಾಲೂ ಸರಿಯಾಗಿ 3¼ ಇಂಚು. ಅದೇ ಅಳತೆಗೆ ಬಟ್ಟೆ ಕತ್ತರಿಸಿ ಎದೆಯ ಮೇಲೆ ಇಟ್ಟು ನೋಡು, ಅಂಗೈಯಷ್ಟೂ ಇಲ್ಲ. ಅದಕ್ಕೆ ಬಂಗಾರದ ದಾರದಲ್ಲಿ ಕಸೂತಿ ಹಾಕಿದವಳು ಹೆಸ್ಟರ್ ತಾನೇ.

ಪುಸ್ತಕ ಬಂದದ್ದು 1850ರಲ್ಲಿ. ಕಥೆ ಅದಕ್ಕೂ ಇನ್ನೂರು ವರ್ಷ ಹಿಂದಿನ ಬೋಸ್ಟನ್ನಿನದು. ಪೀಠಿಕೆ ಬಿಟ್ಟರೆ 24 ಅಧ್ಯಾಯ. ಇಡೀ ಕಾದಂಬರಿ ನಿಂತಿರುವುದು ಊರ ನಡುವಿನ ಶಿಕ್ಷೆಯ ಕಟ್ಟೆಯ ಮೇಲೆ. 2 ಮತ್ತು 3ನೇ ಅಧ್ಯಾಯದಲ್ಲಿ ಹಾಡಹಗಲೇ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಹೆಸ್ಟರ್ ಒಬ್ಬಳೇ ನಿಂತಿರುತ್ತಾಳೆ. ಕೂಸಿನ ತಂದೆ, ಊರಿನ ಪಾದ್ರಿ ಡಿಮ್ಸ್‌ಡೇಲ್, ಮೇಲಿನ ಮೊಗಸಾಲೆಯಲ್ಲಿ ಹಿರಿಯರ ಜೊತೆಗಿದ್ದು, ಆ ಗಂಡಸಿನ ಹೆಸರು ಹೇಳು ಎಂದು ಅವಳನ್ನೇ ಕೇಳುತ್ತಾನೆ. 12ರಲ್ಲಿ ನಡುರಾತ್ರಿ, ಯಾರೂ ಕಾಣದ ಹೊತ್ತಿಗೆ, ಅವನು ಆ ಕಟ್ಟೆ ಹತ್ತುತ್ತಾನೆ. 23ರಲ್ಲಿ ಎಲ್ಲರ ಕಣ್ಣೆದುರು. ಇವನ್ನು ಒಂದೇ ದಿನ ಕೂತು ಸಾಲಾಗಿ ಓದು. ನಡುವಿನ ಏಳು ವರ್ಷ ಯಾರು ಯಾವ ಭಾರ ಹೊತ್ತರು ಎಂಬುದು ತಾನಾಗಿಯೇ ಕಾಣುತ್ತದೆ.

ಆಮೇಲೆ 5ನೇ ಅಧ್ಯಾಯಕ್ಕೆ ಬಾ. ನನ್ನ ಮಟ್ಟಿಗೆ ಕಾದಂಬರಿಯ ಜೀವ ಇರುವುದು ಅಲ್ಲೇ, ಅವಸರ ಮಾಡಬೇಡ. ಶಿಕ್ಷೆಯಾಗಿದ್ದರಿಂದ ಹೆಸ್ಟರ್ ಆ ಊರಲ್ಲೇ ಇರಬೇಕಾಯಿತು ಅಂತ ಬಹಳ ಮಂದಿ ಬರೆಯುತ್ತಾರೆ. ಅದು ತಪ್ಪು. ನ್ಯಾಯಸ್ಥಾನ ವಿಧಿಸಿದ್ದು ಕಟ್ಟೆಯ ಮೇಲೆ ಮೂರು ತಾಸು, ಸಾಯುವ ತನಕ ಆ ಅಕ್ಷರ; ಊರು ಬಿಡಬಾರದು ಅಂತ ಯಾರೂ ಅಂದಿರಲಿಲ್ಲ. ಹಡಗು ಹತ್ತಿ ಹೋಗಬಹುದಿತ್ತು. ಪಾಪ ಮಾಡಿದ ನೆಲದಲ್ಲೇ ಶಿಕ್ಷೆ ಉಣ್ಣಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಆದರೆ ಅದರ ಕೆಳಗೆ, ತನ್ನವನು ಓಡಾಡುವ ನೆಲ ಅದು ಎಂಬ ಮಾತು ಅವಿತು ಕೂತಿದೆ. ಅವಳು ಅದನ್ನು ತನ್ನ ಮನಸ್ಸಿಗೂ ಕಾಣದಂತೆ ಮುಚ್ಚಿಡುತ್ತಾಳೆ. ಪ್ರೀತಿಯ ಬಗ್ಗೆ ಏನೇ ಬರೆಯುವುದಿದ್ದರೂ ಇಲ್ಲಿಂದ ಶುರು ಮಾಡು.

ಅದೇ ಅಧ್ಯಾಯದ ಹೊಲಿಗೆಯ ಭಾಗವನ್ನೂ ಗಮನಿಸು. ಅಧಿಕಾರಿಗಳ ಕೊರಳಪಟ್ಟಿ, ಕೈಗವಸು, ಹುಟ್ಟಿದ ಕೂಸಿನ ಬಟ್ಟೆ, ಸಾವಿನ ಮನೆಯ ಬಟ್ಟೆ, ಎಲ್ಲಕ್ಕೂ ಅವಳ ಸೂಜಿ ಬೇಕು. ಮದುವಣಗಿತ್ತಿಯ ಬಿಳಿ ಮುಸುಕನ್ನು ಮಾತ್ರ ಒಬ್ಬರೂ ಅವಳ ಕೈಗೆ ಕೊಡಲಿಲ್ಲ. ಮಂದಿ ಕೊಡುವ ಅವಮಾನ ಎಷ್ಟು ಸಣ್ಣ ಲೆಕ್ಕದಲ್ಲಿ ನಡೆಯುತ್ತದೆ ನೋಡು! 21 ಮತ್ತು 22ರಲ್ಲಿ ಇದೇ ಇನ್ನೊಂದು ರೂಪದಲ್ಲಿದೆ. ಗವಿಸಿದ್ಧೇಶ್ವರನ ತೇರಿನ ದಿನದ ಜನಜಂಗುಳಿ ಕಣ್ಣಮುಂದೆ ತಂದುಕೊ. ಅಂಥಾ ನೂಕುನುಗ್ಗಲಿನಲ್ಲೂ ಹೆಸ್ಟರಳ ಸುತ್ತ ಒಂದು ಖಾಲಿ ವೃತ್ತ, ಅದರೊಳಕ್ಕೆ ಯಾರೂ ಕಾಲಿಡುವುದಿಲ್ಲ.

13ನೇ ಅಧ್ಯಾಯದಲ್ಲಿ ಕಾಲು ಜಾರುವವರು ಬಹಳ. ಅವಳ ಸೇವೆ ಕಂಡ ಊರ ಜನ ‘ಎ’ ಅಂದರೆ ‘ಏಬಲ್’, ಸಮರ್ಥಳು, ಅನ್ನತೊಡಗುತ್ತಾರೆ; ಅಷ್ಟನ್ನೇ ಓದಿದವರು ಅವಮಾನ ಗೌರವವಾಯಿತು ಅಂತ ಉತ್ತರ ಬರೆದು ಮುಗಿಸಿಬಿಡುತ್ತಾರೆ. ಅಲ್ಲೇ ಕೆಲವು ಪುಟ ಮುಂದೆ, ಆ ಅಕ್ಷರ ತನ್ನ ಕೆಲಸ ಮಾಡಿರಲಿಲ್ಲ ಎಂದು ಹಾಥಾರ್ನ್ ಒಂದೇ ಸಾಲಿನಲ್ಲಿ ಹೇಳುತ್ತಾನೆ. ಆ ಸಾಲಿನ ಕೆಳಗೆ ಗೆರೆ ಎಳೆ. ಹೊರಗೆ ತಗ್ಗಿದವಳು ಒಳಗೆ ಯಾರಿಗೂ ತಲೆಬಾಗಿಲ್ಲ. ಇನ್ನೊಂದು ಮಾತು: ವ್ಯಭಿಚಾರ ಎಂಬರ್ಥದ ಆ ಇಂಗ್ಲಿಷ್ ಶಬ್ದ ಕಾದಂಬರಿಯಲ್ಲಿ ಒಮ್ಮೆಯೂ ಬರುವುದಿಲ್ಲ. ನೀನೂ ಅದನ್ನು ಉತ್ತರದ ಮೊದಲ ಸಾಲಿಗೇ ತರಬೇಡ.

ಕಡೆಯ ಅಧ್ಯಾಯದಲ್ಲಿ, ಡಿಮ್ಸ್‌ಡೇಲ್ ತೀರಿಹೋಗಿ ವರ್ಷಗಳಾದ ಮೇಲೆ, ಹೆಸ್ಟರ್ ಕಡಲಾಚೆಯಿಂದ ಒಬ್ಬಳೇ ಅದೇ ಗುಡಿಸಲಿಗೆ ಮರಳುತ್ತಾಳೆ. ಯಾರೂ ಹೇಳದಿದ್ದರೂ ಆ ಅಕ್ಷರವನ್ನು ಮತ್ತೆ ಎದೆಗೆ ಹಚ್ಚಿಕೊಳ್ಳುತ್ತಾಳೆ. ಅವಳನ್ನು ಹೂಳುವುದು ಅವನ ಪಕ್ಕದಲ್ಲೇ, ಆದರೆ ಎರಡು ಸಮಾಧಿಯ ನಡುವೆ ಜಾಗ ಬಿಟ್ಟು. ಕಲ್ಲು ಮಾತ್ರ ಇಬ್ಬರಿಗೂ ಒಂದೇ. 5ನೇ ಅಧ್ಯಾಯದ ಪಕ್ಕದಲ್ಲಿ ಈ ಪುಟ ಇಟ್ಟುಕೊಂಡು ಗಟ್ಟಿಯಾಗಿ ಓದು.

ಜಾತ್ರೆಗೆ ಬರುವಾಗ ಪುಸ್ತಕ ಜೊತೆಗಿರಲಿ. ಕಾಡಿನಲ್ಲಿ ಅವರಿಬ್ಬರೂ ಮಾತಾಡುವ 17ನೇ ಅಧ್ಯಾಯವನ್ನು ಕೂಡಿ ಓದೋಣ.

ಇಂತಿ,
ನಿನ್ನ ದೊಡ್ಡಪ್ಪ