ಎಂಟು ಬೋರ್ಡುಗಳಿಗೆ ಒಟ್ಟಿಗೇ ಪ್ರೋಗ್ರಾಮಿಂಗ್: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಪೀಣ್ಯದ ನಮ್ಮ ಘಟಕದಲ್ಲಿ ನಿಮ್ಮ ಸರ್ಕ್ಯೂಟ್ ಬೋರ್ಡುಗಳಿಗೆ ಇಷ್ಟು ದಿನ ಒಂದೊಂದಾಗಿ ಪ್ರೋಗ್ರಾಂ ತುಂಬುತ್ತಿದ್ದೆವು. ಆರು ಪಿನ್ನಿನ ಕೇಬಲ್ ಸಿಕ್ಕಿಸುವುದು, ಕಾಯುವುದು, ಕೀಳುವುದು, ಮುಂದಿನದನ್ನು ಎತ್ತಿಕೊಳ್ಳುವುದು. ಮುಂದಿನ ತಿಂಗಳ 1ರಿಂದ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ (ಬೋರ್ಡನ್ನು ನಡೆಸುವ ಪುಟ್ಟ ಕಂಪ್ಯೂಟರ್) ಇರುವ ಹೊಸ ಆರ್ಡರುಗಳಿಗೆ ಈ ಕ್ರಮ ಇರುವುದಿಲ್ಲ. ಎಂಟು ಬೋರ್ಡುಗಳು ಒಂದೇ ಹಾಳೆಯಾಗಿ ಕೂಡಿರುವ ಪ್ಯಾನೆಲ್ಲನ್ನು ಬಿಡಿಸುವ ಮೊದಲೇ ಜಿಗ್ (ಬೋರ್ಡುಗಳನ್ನು ಹಿಡಿದಿಡುವ ಚೌಕಟ್ಟು) ಮೇಲಿಟ್ಟು, ಎಂಟಕ್ಕೂ ಒಟ್ಟಿಗೆ ತುಂಬುತ್ತೇವೆ.

ಕಾರಣವನ್ನು ಮುಚ್ಚಿಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ತಯಾರಿಸುವ ಗ್ರಾಹಕರೊಬ್ಬರಿಗೆ ಪ್ರೋಗ್ರಾಂ ತುಂಬದ ಎರಡು ಖಾಲಿ ಬೋರ್ಡುಗಳು ಹೋಗಿಬಿಟ್ಟವು. ಮುಗಿದ ರಾಶಿ, ಮುಗಿಯದ ರಾಶಿ ಒಂದೇ ಮೇಜಿನ ಮೇಲಿದ್ದವು, ಕೈತಪ್ಪಿತು. ಅದರಲ್ಲೊಂದು ತೋಟದ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂತ ಮೇಲಷ್ಟೇ ವಿಷಯ ತಿಳಿಯಿತು. ತಪ್ಪು ನಮ್ಮದು, ಅದಕ್ಕೆ ಕ್ಷಮೆ ಕೇಳಿದ್ದೇವೆ.

ಹೊಸ ಜಿಗ್ಗಿನಲ್ಲಿ ಚಿನ್ನದ ಲೇಪದ ಸ್ಪ್ರಿಂಗ್ ಪಿನ್ನುಗಳು ಪ್ರತಿ ಬೋರ್ಡಿನ ಕೆಳಗಿನಿಂದ ಆರು ಪ್ಯಾಡುಗಳನ್ನು (ತಾಮ್ರದ ಪುಟ್ಟ ಬಿಲ್ಲೆಗಳು) ಮುಟ್ಟುತ್ತವೆ. ಒಂದೇ ಪ್ರೋಗ್ರಾಮರಿನ (ಚಿಪ್ಪಿಗೆ ಪ್ರೋಗ್ರಾಂ ಬರೆಯುವ ಸಾಧನ) ತಂತಿಗಳನ್ನು ಎಂಟು ಚಿಪ್ಪುಗಳಿಗೆ ಹಂಚಬಹುದಿತ್ತು, ಖರ್ಚೂ ಕಡಿಮೆ. ಆದರೆ ಎಲ್ಲ ಚಿಪ್ಪುಗಳ ಉತ್ತರ ಒಂದೇ ತಂತಿಯಲ್ಲಿ ಬಂದರೆ ಯಾವುದು ಸರಿ, ಯಾವುದು ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಎಂಟು ಪ್ರೋಗ್ರಾಮರುಗಳನ್ನೇ ಹಾಕಿದ್ದೇವೆ. ಪ್ರತಿಯೊಂದೂ ತಾನು ಬರೆದದ್ದನ್ನು ಮರಳಿ ಓದಿ, ಸರಿಹೋದರೆ ಮಾತ್ರ ಹಸಿರು ದೀಪ ಹೊತ್ತಿಸುತ್ತದೆ. ಎಂಟೂ ಹಸಿರಾಗದ ಪ್ಯಾನೆಲ್ ಮೇಜಿನಿಂದ ಕದಲುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ನಾವು ಮೊದಲು ಎಡವಿದೆವು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇರುವ ಎಂಟು ಬೋರ್ಡುಗಳನ್ನು ಅದಕ್ಕೆ ತಗುಲಿಸಿದಾಗ ವೋಲ್ಟೇಜ್ ಕುಸಿದು ಬರವಣಿಗೆ ಅರ್ಧಕ್ಕೇ ನಿಂತಿತು. ಈಗ 5 ವೋಲ್ಟಿನ ಪ್ರತ್ಯೇಕ ಸಪ್ಲೈ ಇದೆ. ಆದರೂ ಒಂದು ಸಂಗತಿ ನಿಮ್ಮ ಕೈಯಲ್ಲಿದೆ: ಪ್ರೋಗ್ರಾಂ ತುಂಬುವಾಗ ಚಿಪ್ ರಿಸೆಟ್‌ನಲ್ಲಿರುತ್ತದೆ, ಅದರ ಕಾಲುಗಳು ತೇಲುತ್ತಿರುತ್ತವೆ, ಅಂದರೆ ಆನ್ ಅಥವಾ ಆಫ್ ಎಂದು ಖಚಿತವಾಗಿರುವುದಿಲ್ಲ. ರಿಲೇ ನಡೆಸುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ಗೇಟಿಗೆ (ನಿಯಂತ್ರಣದ ಕಾಲಿಗೆ) ನೆಲಕ್ಕೆಳೆಯುವ (ಪುಲ್‌ಡೌನ್) ರೆಸಿಸ್ಟರ್ ಇಲ್ಲದಿದ್ದರೆ ರಿಲೇ ತಾನಾಗಿ ಟಕಟಕ ಬಡಿದುಕೊಳ್ಳಬಹುದು. ದಯವಿಟ್ಟು ಅಲ್ಲೊಂದು 10 ಕಿಲೋಓಮ್ ಹಾಕಿ. ತೋಟದಲ್ಲಿ ಕರೆಂಟು ಹೋಗಿ ಬಂದಾಗಲೂ ಅದು ನಿಮ್ಮ ಮೋಟಾರನ್ನು ಕಾಯುತ್ತದೆ.

ಹಾಗೆಯೇ ಆರು ಪ್ಯಾಡುಗಳನ್ನು ಬೋರ್ಡಿನ ಕೆಳಬದಿಯಲ್ಲಿ 2.54 ಮಿಲಿಮೀಟರ್ ಅಂತರದಲ್ಲಿ ಕೊಡಿ. ಬೆಸುಗೆ ಪೇಸ್ಟ್ ಬಳಿಯುವ ಸ್ಟೆನ್ಸಿಲ್‌ನಲ್ಲಿ ಅವುಗಳಿಗೆ ಕಿಂಡಿ ಬೇಡ. ಪೇಸ್ಟ್ ಬಿದ್ದು ಅದರಲ್ಲಿನ ಫ್ಲಕ್ಸ್ (ಬೆಸುಗೆಗೆ ನೆರವಾಗುವ ರಾಸಾಯನಿಕ) ಒಣಗಿದರೆ ಪಿನ್ ಸರಿಯಾಗಿ ತಾಗುವುದಿಲ್ಲ. ಪ್ಯಾನೆಲ್ ಅಂಚಿನಲ್ಲಿ ಎರಡು ರಂಧ್ರಗಳೂ ಇರಲಿ, ಜಿಗ್ ಮೇಲೆ ಕೂರಿಸಲು.

ಹೆಕ್ಸ್ ಫೈಲಿನ (ಚಿಪ್ಪಿಗೆ ತುಂಬುವ ಪ್ರೋಗ್ರಾಂ) ಜೊತೆ ಫ್ಯೂಸ್ ಬಿಟ್‌ಗಳ (ಚಿಪ್ಪಿನ ಕ್ಲಾಕ್ ಮುಂತಾದವನ್ನು ನಿಗದಿಪಡಿಸುವ ಸೆಟ್ಟಿಂಗ್) ಮೌಲ್ಯವನ್ನೂ ಬರೆದು ಕಳುಹಿಸಿ. ಕಾರ್ಖಾನೆಯಿಂದ ಬರುವ ಚಿಪ್ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಆದ್ದರಿಂದ ಮೊದಲ ಹಂತದಲ್ಲಿ ನಮ್ಮ ಪ್ರೋಗ್ರಾಮರಿನ ಕ್ಲಾಕ್ ಅದರ ಕಾಲು ಭಾಗವಾದ 250 ಕಿಲೋಹರ್ಟ್ಸ್‌ಗಿಂತ ಕೆಳಗಿರಲೇಬೇಕು. ಬೋರ್ಡಿನಲ್ಲಿ ಕ್ಲಾಕಿನ ತಾಳ ಕೊಡುವ ಕ್ರಿಸ್ಟಲ್ ಇಲ್ಲದೆ ಹೊರಗಿನ ಕ್ರಿಸ್ಟಲ್‌ನ ಫ್ಯೂಸ್ ಕೊಟ್ಟರೆ ಎಂಟು ಚಿಪ್ಪುಗಳೂ ಒಟ್ಟಿಗೇ ಮೂಕವಾಗುತ್ತವೆ. ಹೀಗಾಗಿ ಫೋನಿನಲ್ಲಿ ಹೇಳಿದ ಫ್ಯೂಸ್ ಮೌಲ್ಯವನ್ನು ಇನ್ನು ಸ್ವೀಕರಿಸುವುದಿಲ್ಲ.

ಬೋರ್ಡಿನ ದರ ಬದಲಾಗುವುದಿಲ್ಲ. ಜಿಗ್ಗಿನ ಖರ್ಚನ್ನು ಪ್ರತಿ ವಿನ್ಯಾಸಕ್ಕೆ ಒಮ್ಮೆ ಮಾತ್ರ ಪಡೆಯುತ್ತೇವೆ. ಹಳೆಯ ವಿನ್ಯಾಸದ ಬೋರ್ಡುಗಳು ನಿಮ್ಮಲ್ಲಿ ಉಳಿದಿದ್ದರೆ ಬಿಸಾಡಬೇಡಿ, ಅವು ಮುಗಿಯುವವರೆಗೆ ಕೇಬಲ್ಲಿನಲ್ಲೇ ತುಂಬಿ ಕೊಡುತ್ತೇವೆ, ಬೇರೆಯದೇ ಮೇಜಿನ ಮೇಲೆ.

ನಿಮ್ಮ ವಿಶ್ವಾಸಿಗಳು,
ಜೋಡಣೆ ಮತ್ತು ಪರೀಕ್ಷಾ ವಿಭಾಗ