ಶಾಲೆಗೆ ರೊಕ್ಕ ಹಾಕೋ ಮೊದಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಊರಿನ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕು ಅಂತ ನಿನಗೆ ಅನ್ನಿಸಿತಲ್ಲ, ಖುಷಿಯಾಯಿತು. ಆದರೆ ನೀನು ಹೇಳಿದ್ದು ಏನೇನು? ಪ್ರತಿ ಕೋಣೆಗೂ ಸ್ಮಾರ್ಟ್ ಬೋರ್ಡು, ಮಾಸ್ತರರಿಗೆ ಬಯೋಮೆಟ್ರಿಕ್ ಹಾಜರಿ, ಒಳ್ಳೆ ರಿಸಲ್ಟ್ ತಂದವರಿಗೆ ನಗದು ಬಹುಮಾನ. ಪೀಣ್ಯದ ನಿನ್ನ ವರ್ಕ್‌ಶಾಪಿನಲ್ಲಿ ಇದು ನಡೆದಿರಬಹುದು. ಸರ್ಕಾರಿ ಶಾಲೆಯಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದು ನೋಡಿ, ಆಮೇಲೆ ಹೊರಳಿದ ಒಬ್ಬ ಉದ್ಯಮಿ ಇದ್ದಾರೆ. ಅಜೀಂ ಪ್ರೇಮ್‌ಜಿ. ಅವರು ಅದನ್ನು ಮಾಡಿ ನೋಡಿದ್ದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ.

ಅವರ ಕತೆ ನಿನಗೂ ಗೊತ್ತು. 1966ರಲ್ಲಿ ಅಪ್ಪ ತೀರಿಕೊಂಡರು ಅಂತ ಸ್ಟ್ಯಾನ್‌ಫರ್ಡ್ ಓದು ಅರ್ಧಕ್ಕೆ ಬಿಟ್ಟು ಬಂದಾಗ ವಯಸ್ಸು 21. ಕೈಗೆ ಸಿಕ್ಕಿದ್ದು ಮಹಾರಾಷ್ಟ್ರದ ಅಮಳನೇರಿನ ವನಸ್ಪತಿ ತುಪ್ಪದ ಕಂಪನಿ. ಅದನ್ನೇ ವಿಪ್ರೋ ಮಾಡಿದರು. ಶಾಲೆಗಳ ಕೆಲಸಕ್ಕೆ ಅಂತ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶುರುವಾಗಿದ್ದು 2000ದ ಹೊತ್ತಿಗೆ.

ಮೊದಮೊದಲು ಅವರೂ ಉದ್ಯಮಿಯ ತಲೆಯಿಂದಲೇ ಯೋಚಿಸಿದರು. ಕಂಪ್ಯೂಟರಿನಲ್ಲಿ ಪಾಠ ಕಲಿಸುವ ಸಿ.ಡಿ. ಮಾಡಿಸಿದರು. ಸರ್ಕಾರದ ಜೊತೆ ಸೇರಿ ‘ಲರ್ನಿಂಗ್ ಗ್ಯಾರಂಟಿ’ ಅಂತ ಒಂದು ಕಾರ್ಯಕ್ರಮ ತಂದರು. ಇಷ್ಟ ಇದ್ದ ಶಾಲೆ ಸೇರಬಹುದು, ಬಲವಂತ ಇಲ್ಲ. ಊರಿನ ಮಕ್ಕಳೆಲ್ಲ ದಾಖಲಾಗಿರಬೇಕು, ದಿನಾ ಬರಬೇಕು, ಪರೀಕ್ಷೆ ಕೊಟ್ಟರೆ ಕಲಿತದ್ದು ಕಾಣಬೇಕು. ಮೂರರಲ್ಲೂ ಗೆದ್ದ ಶಾಲೆಗೆ ಬಹುಮಾನ. ಮೊದಲ ಸಲ ಗೆದ್ದ ಶಾಲೆಗಳು ತೀರಾ ಕಡಿಮೆ. ಅದರಿಂದ ಲಾಭ ಇರಲಿಲ್ಲ ಅಂತಲ್ಲ. ಬಾಯಿಪಾಠ ಒಪ್ಪಿಸಿದರೆ ಸಾಲದು, ಮಗುವಿಗೆ ಅರ್ಥವಾಗಿದೆಯಾ ಅಂತ ನೋಡುವ ಪರೀಕ್ಷೆ ಹೇಗಿರುತ್ತದೆ ಅನ್ನುವುದು ಬಹಳ ಮಾಸ್ತರರಿಗೆ ಗೊತ್ತಾಯಿತು. ಆದರೆ ಬಹುಮಾನ ಏನು ಹೇಳುತ್ತೆ? ಯಾವ ಶಾಲೆ ಚೆನ್ನಾಗಿದೆ ಅಂತ ಹೇಳುತ್ತೆ. ಸೋತ ಶಾಲೆಯ ಮಾಸ್ತರ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಹೇಳಲ್ಲ. ನಿನ್ನ ನಗದು ಬಹುಮಾನದ ಗತಿಯೂ ಅಷ್ಟೇ.

ಸಿ.ಡಿ. ಕೆಲಸವನ್ನು ಅವರು ಕೈಬಿಟ್ಟರು. ಬಹುಮಾನದಿಂದಲೂ ಸರಿದರು. ಯುನಿಸೆಫ್ ಮತ್ತು ಸರ್ಕಾರದ ಜೊತೆ ಈಗಿನ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕು ಹಿಡಿದುಕೊಂಡು, ಅಲ್ಲಿಯ ಶಾಲೆಗಳಲ್ಲಿ ನಿಧಾನಕ್ಕೆ ಕೆಲಸ ಶುರು ಮಾಡಿದರು. ಆಮೇಲೆ ಬಂದದ್ದು ಶಿಕ್ಷಕರ ಕಲಿಕಾ ಕೇಂದ್ರಗಳು. ನನಗೆ ಇದರಲ್ಲೆಲ್ಲ ಹಿಡಿಸಿದ್ದು ಅದೇ.

ಅಂಥ ಕೇಂದ್ರ ಅಂದರೆ ದೊಡ್ಡ ಕಟ್ಟಡ ಅಂದುಕೋಬೇಡ. ಒಂದಿಷ್ಟು ಪುಸ್ತಕ, ಜಮಖಾನೆ, ಒಂದು ಬೋರ್ಡು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋಗಿದ್ದೆ. ಅವತ್ತು ಭಿನ್ನರಾಶಿ. 1/3 ದೊಡ್ಡದೋ 1/4 ದೊಡ್ಡದೋ ಅಂದರೆ ಬಹಳ ಮಕ್ಕಳು 1/4 ಅಂತಾರೆ, ಯಾಕೆ ಅಂತ ಚರ್ಚೆ. ಒಬ್ಬ ಟೀಚರ್ ಅಂದರು, ‘ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ನಾವೇ ಅಲ್ವಾ ಒಂದನೇ ಕ್ಲಾಸಿನಿಂದ ಹೇಳಿಕೊಟ್ಟಿದ್ದು? ಹುಡುಗ ಅದನ್ನ ನೆನಪಿಟ್ಟುಕೊಂಡಿದ್ದಾನೆ.’ ಆಮೇಲೆ ಹಳೇ ಪೇಪರ್ ಪಟ್ಟಿ ಹಂಚಿದರು. ನಾಲ್ಕು ಸಮ ಮಡಿಕೆ ಎಲ್ಲರಿಗೂ ಬಂತು. ಮೂರು ಸಮ ಮಡಿಕೆ ಮಾಡಿ ಅಂದಾಗ ಯಾರಿಗೂ ಸರಿಯಾಗಿ ಬರಲಿಲ್ಲ. ಇಪ್ಪತ್ತು ವರ್ಷ ಸರ್ವಿಸ್ ಆದವರೆಲ್ಲ ಪೇಪರು ತಿರುಗಿಸಿ ತಿರುಗಿಸಿ ನಗುತ್ತ ಕೂತಿದ್ದರು. ಯಾರಿಗೂ ಭತ್ಯೆ ಇಲ್ಲ, ಸಹಿ ಹಾಕುವ ಪುಸ್ತಕ ಇಲ್ಲ. ಇಲಾಖೆ ಆದೇಶ ಮಾಡಿ ಕೂರಿಸಿದ ತರಬೇತಿಗಳಲ್ಲಿ ಮಧ್ಯಾಹ್ನದ ಚಹಾ ಯಾವಾಗ ಅಂತ ನೋಡುವವರೇ ಇಲ್ಲಿ ಸಂಜೆಯಾದರೂ ಏಳಲಿಲ್ಲ.

ಇಂಥದ್ದು ನಮ್ಮಲ್ಲಿ ಹೊಸದೂ ಅಲ್ಲ. ಚಿಕ್ಕ ಮಕ್ಕಳು ಆಡ್ತಾ ಆಡ್ತಾ ಕಾರ್ಡಿನಿಂದ ಕಲಿಯುವ ‘ನಲಿ-ಕಲಿ’ ಪದ್ಧತಿ ಶುರುವಾಗಿದ್ದೇ 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರ ಕೈಯಲ್ಲಿ. ಅವರೇ ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಅವರೇ ಕಾರ್ಡು ಬರೆದರು.

ಹಾಗಾದರೆ ಉದ್ಯಮಿಯಾಗಿದ್ದು ಏನೂ ಉಪಯೋಗಕ್ಕೆ ಬರಲಿಲ್ಲವಾ ಅಂತ ಕೇಳ್ತೀಯ. ಬಂತು. ಕಾರ್ಖಾನೆ ಕಟ್ಟಿದವರಿಗೆ ಬೇರೂರುವುದು ಅಂದರೆ ಏನು ಅಂತ ಗೊತ್ತಿರುತ್ತದೆ. ಮೂರು ವರ್ಷದ ಪ್ರಾಜೆಕ್ಟ್ ಮಾಡಿ, ಫೋಟೋ ತೆಗೆಸಿಕೊಂಡು ಗಂಟುಮೂಟೆ ಕಟ್ಟಲಿಲ್ಲ. ಸಂಬಳ ಕೊಟ್ಟು ಜನರನ್ನು ಜಿಲ್ಲೆಯಲ್ಲೇ ಕೂರಿಸಿದರು. ಇಂಥ ಕೆಲಸಕ್ಕೆ ಜನ ಬೇಕು ಅಂತ 2010ರಲ್ಲಿ ವಿಶ್ವವಿದ್ಯಾಲಯ ಮಾಡಿದರು. ರೊಕ್ಕಕ್ಕೂ ಗಟ್ಟಿ ವ್ಯವಸ್ಥೆ ಮಾಡಿದರು. 2019ರ ಹೊತ್ತಿಗೆ ವಿಪ್ರೋದ ಶೇ 67ರಷ್ಟು ಷೇರಿನ ಆದಾಯ ಫೌಂಡೇಶನ್ನಿನ ಕೆಲಸಕ್ಕೆ ಹೋಗುವ ಹಾಗಾಯಿತು. ತಮ್ಮದೇ ಕೆಲವು ಶಾಲೆ ಇದ್ದರೂ, ಊರೂರಿಗೆ ಬ್ರ್ಯಾಂಚ್ ತೆಗೆಯಲಿಲ್ಲ. ಸರ್ಕಾರಿ ಶಾಲೆಯ ಬಾಗಿಲಲ್ಲೇ ನಿಂತರು. ಅವರಿಗಿದ್ದ ರೊಕ್ಕಕ್ಕೆ ಬೇರೆಯವರಾಗಿದ್ದರೆ ಬೇರೆ ಏನೋ ಮಾಡುತ್ತಿದ್ದರು.

ನನಗೆ ತಕರಾರೂ ಇದೆ. ಬಿಸಿಯೂಟದ ತತ್ತಿ ವಿಷಯ ನೋಡು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿತ್ತು. 2024ರಲ್ಲಿ ಉಳಿದ ನಾಲ್ಕು ದಿನದ ಖರ್ಚು ಫೌಂಡೇಶನ್ ಹೊತ್ತುಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ತತ್ತಿ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಮೊದಲು ಶೇಂಗಾ ಚಿಕ್ಕಿಯೂ ಇತ್ತು. ಮಕ್ಕಳು ಖುಷಿಯಾಗಿ ತಿಂತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 2024ರಲ್ಲಿ ತತ್ತಿಗೆ 6 ರೂಪಾಯಿ ಲೆಕ್ಕ ಹಿಡಿದಿದ್ದರು. ಖರೀದಿ, ಗ್ಯಾಸು, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಸಂತೆಯಲ್ಲಿ ರೇಟು ಏರಿದ ದಿನ ಹೆಡ್ಮಾಸ್ತರು ಜೇಬಿಗೆ ಕೈಹಾಕುತ್ತಾರೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಮೂರು ವರ್ಷ ಕಳೆದ ಮೇಲೆ ಯಾರು? ಮಕ್ಕಳ ಊಟ ಸರ್ಕಾರದ ಬಜೆಟ್ಟಿನಲ್ಲಿರಬೇಕು. ಒಬ್ಬರ ಷೇರಿನ ಮೇಲೆ ನಿಲ್ಲಬಾರದು. ಖಾಲಿ ಹುದ್ದೆಯೂ ಹಾಗೇ. ಎಂಥ ದಾನಿ ಬಂದರೂ ಕಾಯಂ ಮಾಸ್ತರರನ್ನು ನೇಮಕ ಮಾಡೋಕಾಗಲ್ಲ. ಜೂನಿನಲ್ಲಿ ಶಾಲೆ ತೆರೆದು ಅತಿಥಿ ಶಿಕ್ಷಕರಿಗೆ ಕಾಯುತ್ತ ಕೂರುವುದು ನಮಗೆ ರೂಢಿಯಾಗಿಬಿಟ್ಟಿದೆ.

ಈಗ ನಿನ್ನ ರೊಕ್ಕದ ಮಾತು. ಯಾವುದೇ ಸಾಮಾನು ಕೊಳ್ಳುವ ಮೊದಲು ಎಸ್‌ಡಿಎಂಸಿ, ಅಂದರೆ ಮಕ್ಕಳ ತಂದೆತಾಯಿಯರಿರುವ ಶಾಲಾ ಸಮಿತಿಯ ಸಭೆಯಲ್ಲಿ ಒಮ್ಮೆ ಕೂತ್ಕೋ. ಅಲ್ಲಿ ತಾಯಂದಿರು ಶೌಚಾಲಯದ ನೀರಿನ ಬಗ್ಗೆ ಮಾತಾಡ್ತಾರೆ, ಸ್ಮಾರ್ಟ್ ಬೋರ್ಡಿನ ಬಗ್ಗೆ ಅಲ್ಲ. ಬಯೋಮೆಟ್ರಿಕ್ ಅಂತೂ ಬೇಡ. ಮಾಸ್ತರರನ್ನು ಕಳ್ಳರ ಹಾಗೆ ಕಾಯೋಕೆ ಬಂದಿದ್ದಾನೆ ಅಂತಾರೆ, ಆಮೇಲೆ ನಿನ್ನ ಜೊತೆ ಯಾರೂ ಮನಸ್ಸು ಬಿಚ್ಚಿ ಮಾತಾಡಲ್ಲ. ಒಂದು ಸಣ್ಣ ಲೈಬ್ರರಿಗೆ ಪ್ರತಿ ವರ್ಷ ಪುಸ್ತಕ ಕಳಿಸು. ಒಂದು ವರ್ಷ ಜಾಸ್ತಿ ಕಳಿಸಿ ಸುಮ್ನಾಗೋದಕ್ಕಿಂತ ಹತ್ತು ವರ್ಷ ಸ್ವಲ್ಪ ಸ್ವಲ್ಪ ಕಳಿಸು. ಇನ್ನೊಂದು, ಗೋಡೆ ಮೇಲೆ ಶಾಲೆ ಹೆಸರಿಗಿಂತ ದೊಡ್ಡದಾಗಿ ನಿನ್ನ ಹೆಸರು ಬರೆಸಬೇಡ ಮತ್ತೆ. ಅಂಥ ಗೋಡೆ ಈ ಕಡೆ ಸಾಕಷ್ಟಿವೆ.

ದೀಪಾವಳಿಗೆ ಬರೋದಾದರೆ ದಸರಾ ರಜೆ ಮುಗಿದು ಶಾಲೆ ಶುರುವಾಗಿರುತ್ತೆ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬಾ, ಶಾಲೆ ನಡೀತಿರುವಾಗಲೇ ನೋಡಬೇಕು. ಯಾವತ್ತು ಅಂತ ಮೊದಲೇ ಹೇಳು, ಹೆಡ್ಮಾಸ್ತರಿಗೆ ತಿಳಿಸಿರ್ತೀನಿ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಮಾಸ್ತರ ಗೆಳೆಯ